ಗಿಡಕ್ಕೆ ಉಳಿಸಿದ ನೀರು

ದೊಡ್ಡನೆಕ್ಕುಂದಿ
ಶನಿವಾರ, 16 ಮಾರ್ಚ್ 2024

ಪ್ರಿಯ ಊರ್ಮಿಳಾ,

ನಿನ್ನ ಮೊಣಕಾಲು ಹೇಗಿದೆ? ಸುಕೃತಿಗೆ ನಿದ್ದೆ ಸಿಗುತ್ತಿದೆಯೇ, ಕೂಸಿನ ಹೊಟ್ಟೆನೋವು ನಿಂತಿತೇ? ಫೋನ್ ಮಾಡಿದರೆ ‘ಮಗು ಮಲಗಿದೆ ಕಣ್ರೀ, ಆಮೇಲೆ ಮಾಡಿ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಅಳಿಯ ಅನುರಾಗ್ ಕೈಯಲ್ಲಿ ಈ ಕಾಗದ. ಬಾಣಂತಿಗೆ ಎರೆಯಲು ಹಂಡೆ ತುಂಬ ನೀರು ಬೇಕೆಂದು ಮಗಳನ್ನು ಮೈಸೂರಿಗೆ, ನಿನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದದ್ದೇ ಒಳ್ಳೆಯದಾಯಿತು. ಇಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳುತ್ತಿದೆ. ಟ್ಯಾಂಕರಿನವನು ಮದುವೆ ಗಂಡಿನ ಹಾಗೆ ಗತ್ತು ತೋರಿಸುತ್ತಾನೆ. ಒಂದೇ ಬಕೆಟ್ಟಿನಲ್ಲಿ ಸ್ನಾನವನ್ನೂ ಪಾತ್ರೆಯನ್ನೂ ಮುಗಿಸುತ್ತಿದ್ದೇನೆ; ಯಾವುದು ಮೊದಲು ಎಂದು ಕೇಳಬೇಡ.

ಫ್ಯಾಕ್ಟರಿಯಿಂದ ನಿವೃತ್ತನಾದವನು ದಿನವಿಡೀ ಕಾಲಿಗೆ ಅಡ್ಡ ಸಿಗುತ್ತೇನೆಂದು, ಸರ್ಕಾರಿ ಶಾಲೆಯ ಮಕ್ಕಳಿಗೆ ಗಿಡ ಬೆಳೆಸುವುದನ್ನು ಕಲಿಸಲು ನನ್ನನ್ನು ಅಟ್ಟಿದವಳು ನೀನು. ಅಲ್ಲಿಯ ಸುದ್ದಿ ಕೇಳು. ಮಕ್ಕಳು ಬೆರಳಿನಿಂದ ಮಣ್ಣು ಚುಚ್ಚಿ ತೇವ ನೋಡುವುದು, ಬುಡಕ್ಕೆ ತರಗೆಲೆ ಹೊದಿಸುವುದು ಎಲ್ಲ ಚೆನ್ನಾಗಿ ಕಲಿತಿದ್ದರು. ಟ್ಯಾಂಕರ್ ನೀರನ್ನು ಗಿಡಗಳಿಗೆ ಹಾಕುವಂತಿಲ್ಲ ಎಂದು ಹೆಡ್‌ಮೇಡಂ ಹೇಳಿದ ಮೇಲೆ, ಮನೆಯಿಂದ ತಂದ ಬಾಟಲಿಯಲ್ಲಿ ಕುಡಿದು ಮಿಕ್ಕಿದ್ದನ್ನು ಸಂಜೆ ಅವರವರ ಗಿಡಕ್ಕೆ ಹಾಕಿ ಎಂದೆ. ‘ಗಿಡ ಬಾಯಿ ಬಿಟ್ಟು ಕೇಳಲ್ಲ, ನಾವೇ ನೋಡಿ ಕೊಡ್ಬೇಕು’ ಎಂದು ಪಾಠವನ್ನೂ ಬಿಗಿದೆ. ನನ್ನ ಮಾತು ನನಗೇ ಬಹಳ ಹಿಡಿಸಿತ್ತು.

ಐದನೇ ಕ್ಲಾಸಿನಲ್ಲಿ ಶಿವಗಂಗಾ ಎಂಬ ಹುಡುಗಿ ಇದ್ದಾಳೆ. ರಾಯಚೂರು ಕಡೆಯವಳು. ಅವಳ ತಾಯಿ ಶೇಖವ್ವ ಹೊಸ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾಳೆ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಉಳಿದವರ ಗಿಡಗಳು ಬಾಡಿದರೂ ಇವಳ ನೆಲ್ಲಿ ಸಸಿ ಮಾತ್ರ ಚಿಗುರುತ್ತಿತ್ತು. ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಗುರುವಾರ ಮಧ್ಯಾಹ್ನ ಅದೇ ಗಿಡದ ಪಕ್ಕ ತಲೆ ಸುತ್ತಿ ಬಿದ್ದಳು. ಬಾಟಲಿ ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ, ಎಷ್ಟೋ ದಿನದಿಂದ ಹೀಗೇ ಮಾಡುತ್ತಿದ್ದಳಂತೆ. ನಾನು ಚಪ್ಪಾಳೆ ಹೊಡೆಸಿದ್ದು ಇದಕ್ಕೆ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡಳು, ಹೆದರಬೇಡ. ಶೇಖವ್ವ ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಬೈದಿದ್ದರೆ ಹಗುರಾಗುತ್ತಿತ್ತು. ‘ಮನ್ಯಾಗ ಆಕಿಗೆ ಕೊಡಾಕ ಇರೂದ ದಿನಕ್ಕ ಒಂದು ಬಾಟ್ಲಿ ನೀರು ರೀ’ ಎಂದಳು, ಅಷ್ಟೇ. ಗಿಡ ಬಾಯಿ ಬಿಟ್ಟು ಕೇಳುವುದಿಲ್ಲ ಎಂದು ಹೇಳಿಕೊಟ್ಟವನಿಗೆ, ಎದುರಿಗೆ ನಿಂತ ಮಗುವೂ ಕೇಳುವುದಿಲ್ಲವೆಂದು ಹೊಳೆಯಲಿಲ್ಲ. ‘ಇನ್ನು ಗಿಡಗಳ ಸಹವಾಸ ಸಾಕು ಸಾರ್’ ಎಂದರು ಹೆಡ್‌ಮೇಡಂ. ಶಾಲೆ ತೋಟದ ಗೇಟಿನ ಬೀಗದ ಕೈ ಕೊಟ್ಟು ಬಂದೆ. ಸಾಕಾಗಿದೆ ಊರ್ಮಿಳಾ. ಈ ವಯಸ್ಸಿನಲ್ಲಿ ಯಾರಿಗೆ ಏನು ಕಲಿಸಲಿ? ಸೋಮವಾರದ ರೈಲಿಗೆ ಹೊರಟುಬರುತ್ತೇನೆ, ಕೂಸಿನ ತೊಟ್ಟಿಲು ತೂಗಿಕೊಂಡು ಇರುತ್ತೇನೆ.

ಅಕ್ಕನಿಗೆ ನಮಸ್ಕಾರ ಹೇಳು. ಸುಕೃತಿಗೆ ಆಶೀರ್ವಾದ, ಕೂಸಿನ ಅಂಗಾಲಿಗೊಂದು ಮುತ್ತು.

ಇಂತು ನಿನ್ನ
ದ್ವಾರಕಾನಾಥ

ಮತ್ತೆ: ಅನುರಾಗ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಬರೆಯಲೇಬೇಕು. ಸೋಮವಾರ ನನಗೆ ಕಾಯಬೇಡ. ಈಗಷ್ಟೇ ಶಿವಗಂಗಾ ಅಮ್ಮನ ಜೊತೆ ಬಂದಳು. ಹೆಡ್‌ಮೇಡಂ ಒಪ್ಪಿಗೆ ಪಡೆದು ನೆಲ್ಲಿ ಸಸಿಯನ್ನು ಪೇಂಟ್ ಡಬ್ಬದಲ್ಲಿ ಹೊತ್ತು ತಂದು ನಿನ್ನ ತುಳಸಿ ಪಕ್ಕ ಇಟ್ಟಳು. ಒಂದು ಲೋಟ ನೀರು ಕೊಟ್ಟೆ. ಗಿಡದ ಕಡೆ ತಿರುಗಿದಳು. ‘ಅದು ನಿಂದು, ನೀನು ಕುಡಿ’ ಎಂದೆ. ಪೂರ್ತಿ ಕುಡಿದು, ಖಾಲಿ ಲೋಟ ನನಗೇ ಚಾಚಿ, ‘ಈಗ ಅದಕ್ಕ ಕೊಡ್ರಿ ಅಜ್ಜಾ, ಅದು ಕೇಳಾಂಗಿಲ್ಲ’ ಎಂದಳು. ಸೋಮವಾರ ಉಳಿದ ಮಕ್ಕಳೂ ಗಿಡಗಳನ್ನು ಇಲ್ಲಿಗೇ ತರುತ್ತಾರಂತೆ. ನೀನು ಎತ್ತಿಟ್ಟ ಸ್ಟೀಲ್ ಲೋಟಗಳು ಎಲ್ಲಿವೆ, ಫೋನ್ ಮಾಡಿ ಹೇಳು, ಮಗು ಮಲಗಿದ್ದರೂ ಸರಿ.