ಸೋತವಳ ಕೆಳದಾರಿಯನ್ನೂ ಸೋಲಿಸಿದ ಜಿಲ್ಲಾ ಅಧ್ಯಕ್ಷರಿಗೆ

ಮಾನ್ಯ ಪಕ್ಷದ ಜಿಲ್ಲಾ ಅಧ್ಯಕ್ಷರೇ,

ಹಿರಿಯೂರಿನಲ್ಲಿ ನಿಮ್ಮ ಕಣ್ಣೆದುರಿಗೇ ಸೋತ ಏಕನಾಥಮ್ಮನನ್ನು, ಸೋತಳೆಂದೂ ಹೇಳದೆ ನೀವು ಅಳಿಸಿಹಾಕಿದ್ದೀರಿ. ಅವಳ ಜೊತೆಗೆ ಹೆದ್ದಾರಿಯ ಅಡಿಯಲ್ಲಿ ನಮ್ಮ ಹಟ್ಟಿಗೆ ಬೇಕಾದ ಕೆಳದಾರಿಯನ್ನೂ ಪಕ್ಷದ ಬೇಡಿಕೆಗಳಿಂದ ಕಿತ್ತುಹಾಕಿದ್ದೀರಿ. ಇದನ್ನು ನಿಮ್ಮ ಕಚೇರಿಗೇ ಬಂದು ಹೇಳೋಣವೆಂದು ಎರಡು ಸಲ ಚಿತ್ರದುರ್ಗದ ಬಸ್ಸು ಹತ್ತಿದೆ, ಎರಡು ಸಲವೂ ಐಮಂಗಲದಲ್ಲಿ ಇಳಿದು ವಾಪಸು ಬಂದೆ. ದೊಡ್ಡವರ ಎದುರು ನನಗೆ ಮಾತು ತೊದಲುತ್ತದೆ. ಹೀಗೆ ಪತ್ರಿಕೆಯಲ್ಲಿ ಬರೆದರೆ ನಡುವೆ ಬಾಯಿ ಹಾಕುವವರು ಇರುವುದಿಲ್ಲವಲ್ಲ.

ಯಾವ ದೇವರಿಗೂ ದಿನಾಂಕ ಗೊತ್ತಿಲ್ಲದ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಮ್ಮ ಕ್ಷೇತ್ರದ ಅಭ್ಯರ್ಥಿಯನ್ನು ಈ ಸಲ ಸದಸ್ಯರೇ ಆರಿಸುತ್ತಾರೆಂದು ಘೋಷಿಸಿದವರು ತಾವು. ನಾವು ನಂಬಿದೆವು. ಹಿರಿಯೂರಿನ ಕಲ್ಯಾಣಮಂಟಪಕ್ಕೆ ಮದುವೆಗೆ ಹೋಗುವ ಬಟ್ಟೆಯಲ್ಲೇ ಹೋದೆವು. ಒಂದು ಕಡೆ ತೆಂಗಿನಕಾಯಿ ಮಂಡಿಯ ಮೋಹನ್‌ಕುಮಾರ್. ಇನ್ನೊಂದು ಕಡೆ ನಮ್ಮ ಹಟ್ಟಿಯ ಏಕನಾಥಮ್ಮ, ಕುರಿ ಕಾಯುತ್ತ, ಪಕ್ಷದ ಬಾವುಟ ಹಿಡಿಯುತ್ತ ತಲೆ ನರೆಸಿಕೊಂಡವಳು. ನೀವು ಕೈ ಎತ್ತಿಸಿದಿರಿ. ಇಬ್ಬರಿಗೂ ಕೈ ಎತ್ತಿದ ಪುಣ್ಯಾತ್ಮರು ಬಹಳ ಜನ ಇದ್ದುದರಿಂದ ಲೆಕ್ಕ ಹತ್ತಲಿಲ್ಲ. ಆಗ ನಮ್ಮ ಹಿರಿಯ ಚಿತ್ರಲಿಂಗಪ್ಪ ಎದ್ದು ನಿಂತ.

“ಸ್ವಾಮೇರಾ, ಕುರಿ ಎಣಿಸ್ದಂಗೆ ಎಣಿಸ್ರಿ. ದೊಡ್ಡಿ ಬಾಗ್ಲಾಗೆ ಒಂದೊಂದೇ ಬಿಟ್ರೆ ಲೆಕ್ಕ ತಪ್ಪಾಕಿಲ್ಲ.”

“ಲೇ ಚಿತ್ರಲಿಂಗ, ಟಗರು ಯಾವ್ದು ಅಂತ ಮೊದ್ಲು ಹೇಳಪ್ಪ!” ಎಂದು ಹಿಂದಿನಿಂದ ಯಾರೋ ಕೂಗಿದರು. ತಾವೂ ನಕ್ಕಿರಿ. ಮೋಹನ್‌ಕುಮಾರರ ಕಡೆಯವರು ಮುಂದಿನ ಬಾಗಿಲಿನಿಂದ, ಏಕನಾಥಮ್ಮನ ಕಡೆಯವರು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ಅಪ್ಪಣೆಯಾಯಿತು. ಮುಂದಿನ ಬಾಗಿಲಿನ ಆಚೆ ಊಟದ ಎಲೆ ಹಾಕಿತ್ತು, ಹಿತ್ತಿಲಲ್ಲಿ ಪಾತ್ರೆ ತೊಳೆಯುವ ನಲ್ಲಿ. ಆದರೂ ಹಿತ್ತಿಲು ತುಂಬಿತು. ಒಂದಿಷ್ಟು ಜನ ಕಡಿಮೆಯಾಗಿ ಸೋತೆವು, ಅಷ್ಟೇ.

ಸಲಹೆ ನಮ್ಮವರದೇ, ಸುಳ್ಳೇಕೆ ಹೇಳಲಿ? ಆದರೆ ದೊಡ್ಡಿಯ ಬಾಗಿಲಲ್ಲಿ ನಿಂತು ಎಣಿಸುವವನು ಬರೀ ಎಣಿಸುವುದಿಲ್ಲ. ಯಾವುದರ ಕಿವಿ ಹರಿದಿದೆ, ಯಾವುದು ಕುಂಟುತ್ತಿದೆ ಎಂಬುದನ್ನೂ ನೋಡಿಕೊಳ್ಳುತ್ತಾನೆ. ಹುಟ್ಟಿದಾಗಿನಿಂದ ಕುರಿ ಎಣಿಸಿದ ನಮಗೆ, ಆವತ್ತು ಎಣಿಸಿಕೊಳ್ಳುತ್ತಿರುವವರು ನಾವೇ ಎಂಬುದು ಹೊಳೆಯಲಿಲ್ಲ.

ಏಕನಾಥಮ್ಮ ಅಳಲಿಲ್ಲ. ತಾನೇ ಹೋಗಿ ಮೋಹನ್‌ಕುಮಾರರಿಗೆ ಹಾರ ಹಾಕಿ, “ನನ್ ಬಿಡ್ರಿ ಯಣ್ಣ. ಹೈವೇ ಅಡಿಯಾಗೆ ಆ ತೂತು ಒಂದು ಮಾಡ್ಸಿಕೊಡ್ರಿ, ನಿಮ್ ಬಾವುಟ ನಾನೇ ಹಿಡೀತೀನಿ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಪತ್ರಿಕೆಯಲ್ಲಿ ತಮ್ಮ ಹೇಳಿಕೆ ಬಂತು: “ಸರ್ವಾನುಮತದಿಂದ ಆಯ್ಕೆ.” ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು, ತಪ್ಪು ತಿಳಿದೆನೇನೋ ಎಂದು ಅಕ್ಕನ ಮಗಳು ಸ್ವಾತಿಯನ್ನು ಕೇಳಿದೆ.

“ಎಲ್ಲಾರೂ ಒಪ್ಪಿದ್ರು ಅಂತ ಮಾಮ.”

“ನಾನು ಒಪ್ಪಿಲ್ವಲ್ಲೇ?”

“ಹಂಗಾದ್ರೆ ಎಲ್ಲಾರು ಅಂದ್ರೆ ಅದ್ರಾಗೆ ನೀನಿಲ್ಲ ಬಿಡು.”

ಅವಳು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ವಾರ ಕಳೆಯುವುದರೊಳಗೆ ಹಿತ್ತಿಲ ಬಾಗಿಲಿನಿಂದ ಹೋದ ನಮ್ಮನ್ನೆಲ್ಲ ಪಕ್ಷದ ವಾಟ್ಸಾಪ್ ಗುಂಪಿನಿಂದ ತೆಗೆದಿದ್ದರು. ಏಕನಾಥಮ್ಮ ಈಗ ಮಹಿಳಾ ಘಟಕದಲ್ಲಿಯೂ ಇಲ್ಲ. ಹೋಗಲಿ, ಗುಂಪು ಬೇಡ, ಘಟಕವೂ ಬೇಡ. ಆದರೆ ಹೆದ್ದಾರಿ ಅಗಲ ಮಾಡುವ ಎಂಜಿನಿಯರುಗಳಿಗೆ ಪಕ್ಷ ಕೊಡುವ ಬೇಡಿಕೆಗಳಲ್ಲಿ ಹೋದ ವರ್ಷ ಎಲ್ಲಕ್ಕಿಂತ ಮೇಲೆ ಇದ್ದ ನಮ್ಮ ಕೆಳದಾರಿ ಈ ವರ್ಷ ಎಲ್ಲಿ ಹೋಯಿತು? ಮಂಡಿಗೆ ಹೋಗಿ ಮೋಹನ್‌ಕುಮಾರರನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ, ಕೂರಿಸಿ ಎಳನೀರು ಕೊಟ್ಟರು.

“ಕುಂತ್ಕಳಪ್ಪ ಚಿಕ್ಕತಿಮ್ಮಪ್ಪ. ನೋಡು, ಅದು ಏಕನಾಥಮ್ಮನ ಪಾಯಿಂಟು. ಗೆದ್ದೋನು ನಾನು. ಅವಳ ಪಾಯಿಂಟು ಹಿಡ್ಕಂಡು ನಾನು ತಿರುಗಿದ್ರೆ, ಗೆದ್ದೋರು ಯಾರು ಅಂತ ಜನ ಕೇಳಾಕಿಲ್ವಾ? ಅಧ್ಯಕ್ಷರೇ ಬೇಡ ಅಂದವ್ರೆ.”

ಅಧ್ಯಕ್ಷರೇ, ರಸ್ತೆ ದಾಟುವುದೂ ಒಬ್ಬರ ಪಾಯಿಂಟು ಆಗುತ್ತದೆಯೇ? ನಮ್ಮ ಹಟ್ಟಿ ಈ ಕಡೆ, ಮೇವಿನ ಬಯಲು ಆ ಕಡೆ. ಹೋದ ಸುಗ್ಗಿಯಲ್ಲಿ ನನ್ನ ಅಕ್ಕ ಚಂದ್ರಕ್ಕ ಮುಂದಿನ ಕುರಿಗಳನ್ನು ದಾಟಿಸಿ ಹಿಂದಿನವಕ್ಕಾಗಿ ಹೆದ್ದಾರಿಯ ನಡುವಿನ ದಿಬ್ಬದ ಮೇಲೆ ನಿಂತಿದ್ದಳು. ಮರಿಯೊಂದು ತಾಯಿ ಕಂಡಿತೆಂದು ನುಗ್ಗಿತು, ಹಿಂಡು ಅದರ ಹಿಂದೆ ನುಗ್ಗಿತು, ಲಾರಿ ನಿಲ್ಲಲಿಲ್ಲ. ಮರಿಯನ್ನು ಎಳೆಯಲು ಹೋದ ಅಕ್ಕನ ಪಾದದ ಮೇಲೆ ಚಕ್ರ ಹೋಯಿತು. ಈಗ ಕೋಲು ಊರಿಕೊಂಡು ಅದೇ ದಿಬ್ಬದ ಮೇಲೆ ನಿಲ್ಲುತ್ತಾಳೆ, ಬೇರೆ ದಾರಿ ಇಲ್ಲ. ಅವಳು ಮನೆಗೆ ಬರುವವರೆಗೆ ನಾನು ಬಾಗಿಲಿಗೂ ರಸ್ತೆಗೂ ತಿರುಗುತ್ತಿರುತ್ತೇನೆ. ರಸ್ತೆ ಅಗಲ ಮಾಡುವ ಕೆಲಸ ಬಬ್ಬೂರಿನ ಹತ್ತಿರಕ್ಕೆ ಬಂದಿದೆ. ನಮ್ಮ ಹಟ್ಟಿಯ ಎದುರಿಗೂ ಹೆದ್ದಾರಿಯ ಗೋಡೆ ಎದ್ದುಬಿಟ್ಟರೆ ಆಮೇಲೆ ಅದರಲ್ಲಿ ತೂತು ಕೊರೆಯುವವರು ಯಾರು?

ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಹೀಗೆಯೇ ಸದಸ್ಯರಿಂದ ಆಯ್ಕೆ ಮಾಡಿಸುತ್ತೀರಂತೆ. ಸಂತೋಷ. ಅಲ್ಲೂ ಒಬ್ಬರು ಗೆದ್ದು ಒಬ್ಬರು ಸೋಲುತ್ತಾರೆ. ಗೆದ್ದವರಿಂದ ಪಕ್ಷಕ್ಕೆ ಒಬ್ಬ ಅಭ್ಯರ್ಥಿ ಸಿಗುತ್ತಾನೆ. ಸೋತವರಿಂದ, ಪಕ್ಷಕ್ಕೆ ಯಾವ ಕಿವಿ ಕೇಳಿಸುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಸೋತವಳ ಮಾತನ್ನು ಗೆದ್ದವನ ಬಾಯಿಗೆ ಹಾಕಿದ್ದರೆ ಎರಡೂ ಬಾಗಿಲಿನವರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅದರಲ್ಲಿ ತಮ್ಮ ಗಂಟೇನು ಹೋಗುತ್ತಿತ್ತು?

ಮೊನ್ನೆ ಎದುರು ಪಕ್ಷದವರು ಏಕನಾಥಮ್ಮನ ಜಗಲಿಗೆ ಬಂದಿದ್ದರು. ಶಾಲು ತಂದಿದ್ದರು. ಅವಳು ಶಾಲು ಮುಟ್ಟಲಿಲ್ಲ. “ಶಾಲು ಯಾಕ್ರಿ, ಸೆಕೆ ಐತೆ. ತೂತು ಮಾಡಿಸ್ತೀರೋ ಇಲ್ವೋ ಅದು ಹೇಳ್ರಿ” ಎಂದಳು. ಅವರು ಅಲ್ಲೇ ಯಾರಿಗೋ ಫೋನು ಹಚ್ಚಿ, ಸೋಮವಾರ ಎಂಜಿನಿಯರನ್ನು ಕರೆತರುತ್ತೇವೆ ಎಂದರು. ಎದ್ದು ಹೋಗುವಾಗ ನನ್ನನ್ನೂ ನೋಡಿ ಕೈ ಮುಗಿದರು. ನಮ್ಮ ಪಕ್ಷದವರು ಕೈ ಮುಗಿದು ಎಷ್ಟು ದಿನವಾಯಿತು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ “ಸರ್ವಾನುಮತ”ವನ್ನು ವಾಪಸು ಪಡೆದು, ಏಕನಾಥಮ್ಮ ಎಷ್ಟು ಜನರ ಬೆಂಬಲ ಪಡೆದು ಸೋತಳೆಂದು ಅದೇ ಪತ್ರಿಕೆಯಲ್ಲಿ ಹೇಳಿ. ಸೋಮವಾರಕ್ಕೆ ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಜಿನಿಯರ ಬಳಿಗೆ ಹೋಗಿ. ಎದುರಿನವರು ಸುಳ್ಳು ಹೇಳಿದ್ದಾರೆಂದು ನಿಮ್ಮ ಹುಡುಗರು ನನಗೆ ಧೈರ್ಯ ಹೇಳುತ್ತಾರೆ. ಸುಳ್ಳು ಕೇಳಿ ಅಭ್ಯಾಸವಿದೆ, ತಡೆದುಕೊಳ್ಳುತ್ತೇನೆ. ಅವರು ನಿಜವಾಗಿಯೂ ಮಾಡಿಸಿಬಿಟ್ಟರೆ, ಅಕ್ಕ ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಸುಖವಾಗಿ ಮನೆಗೆ ಬಂದುಬಿಟ್ಟರೆ, ನಾನು ಯಾವ ಮುಖ ಹೊತ್ತು ನಿಮಗೆ ಓಟು ಹಾಕಲಿ? ನನಗೆ ಆ ಭಯ.

ಇಂತಿ,
ಪಕ್ಷ ಬಿಡಲು ಮನಸ್ಸಿಲ್ಲದ, ನಿಮ್ಮ ಲೆಕ್ಕದಲ್ಲಿ ಎಂದೋ ಬಿಟ್ಟುಹೋದ
ಚಿಕ್ಕತಿಮ್ಮಪ್ಪ
ಹಿರಿಯೂರು ತಾಲ್ಲೂಕು