ಎರಡು ಭೂಮಿಯ ಅಪ್ಪ

ಅಪ್ಪಾ,

ಸತ್ತ ನಿನಗೆ ಈ ಪತ್ರ ತಲುಪುವುದಿಲ್ಲ. ಬದುಕಿದ್ದಾಗ ನಾನು ಹೇಳಿದ್ದೂ ತಲುಪುತ್ತಿರಲಿಲ್ಲ.

ಇವತ್ತು ನಿನ್ನ ವರ್ಷದ ಪೂಜೆಗೆ ಸಂಡೂರಿನ ನಿನ್ನ ಎರಡನೇ ಮನೆಯ ಮಗಳು ಕಾವ್ಯ ಹೊಸಪೇಟೆಗೆ ಬಂದಿದ್ದಳು. ಚೀಲದ ತುಂಬ ಹಳೆಯ ಕಾಮಿಕ್ಸ್. ನೀನೇ ತಂದುಕೊಟ್ಟು, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ತೆಗೆದು ಓದುತ್ತಿದ್ದೆಯಂತೆ. ನನ್ನ ಕಾಮಿಕ್ಸನ್ನು ನೀನು ಹಂಡೆಯ ಒಲೆಗೆ ಹಾಕಿದ್ದೆ. ಆ ಬಿಸಿನೀರಲ್ಲೇ ಸ್ನಾನ ಮಾಡಿ ಸಂಡೂರಿನ ಬಸ್ಸು ಹತ್ತಿದ್ದೆ.

"ಈ ಕಥಿ ಅಪ್ಪಗ ಭಾಳ ಸೇರತಿತ್ತಕ್ಕಾ," ಎಂದು ಅವಳು ಒಂದು ಪುಸ್ತಕ ತೆರೆದಳು. "ಎರಡು ಭೂಮಿ ಅದಾವು. ಎರಡರಾಗೂ ಒಬ್ಬನೇ ಹೀರೋ. ಆದ್ರ ಒಂದ್ರಾಗ ಊರು ಕಾಯ್ತಾನ, ಇನ್ನೊಂದ್ರಾಗ ಅದೇ ಊರು ಸುಡ್ತಾನ."

ಹಾಗಾದರೆ ನಿನಗೆ ಗೊತ್ತಿತ್ತು. ಅಲ್ಲಿ ಅದನ್ನು ಓದಿ, ಪುಸ್ತಕ ಮುಚ್ಚಿ, ನಮ್ಮ ಮನೆಗೆ ಬರುತ್ತಿದ್ದೆ. ಇಲ್ಲಿ ಬಾಗಿಲಲ್ಲಿ ನಿನ್ನ ಕೆಮ್ಮು ಕೇಳಿದರೆ ಅವ್ವ ರೇಡಿಯೋ ಆರಿಸುತ್ತಿದ್ದಳು.

"ನಿಮಗೂ ಹಿಂಗ ಓದ್ತಿದ್ದ, ಅಲ್ಲಕ್ಕಾ?"

"ಓದ್ತಿದ್ದ," ಎಂದೆ. "ರಾಕ್ಷಸನ ದನಿ ನಮ್ಮ ಮನ್ಯಾಗ ಇನ್ನೂ ಚೊಲೋ ತೆಗೀತಿದ್ದ."

ಅವಳು ನಕ್ಕಳು. ಅವಳದು ಥೇಟ್ ನಿನ್ನ ಮುಖ. ನಕ್ಕರೆ ನೀನು ಹೇಗೆ ಕಾಣುತ್ತಿದ್ದೆ ಎಂದು ನನಗೆ ಇವತ್ತು ಗೊತ್ತಾಯಿತು.