ಕಮಾನಿನ ಎಡಗಾಲು

ಬಳ್ಳಿಕೊಪ್ಪ
ಬಳ್ಳಿ ವರ್ಷ ೨೦೬, ಕೊಯ್ಲು ತಿಂಗಳ ನಲವತ್ತೊಂದನೆಯ ದಿನ

ಹಳದಿ ಟೋಪಿಯ ತಂಗಿಗೆ,

ನಲವತ್ತೊಂದನೆಯ ತಾರೀಖು ಎಂದು ಓದಿ ಕಣ್ಣುಜ್ಜಿಕೊಳ್ಳಬೇಡ. ನಮ್ಮ ತಿಂಗಳು ಚಂದ್ರನ ಮಾತು ಕೇಳುವುದಿಲ್ಲ, ದ್ರಾಕ್ಷಿಯ ಮಾತು ಕೇಳುತ್ತದೆ. ಕೊನೆಯ ಗೊಂಚಲು ಬುಟ್ಟಿಗೆ ಬಿದ್ದು, ರಸ ಹುಳಿಯುವ ಹಂಡೆಯ ಬಾಯಿ ತೆರೆಯುವವರೆಗೂ ಕೊಯ್ಲು ತಿಂಗಳೇ. ನಿನ್ನ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಮೂವತ್ತರ ಆಚೀಚೆ ಇದ್ದೀತು. ನಿಮ್ಮ ಕಾಲದ ಬರವಣಿಗೆ ಓದಿ ಓದಿ ಕಲಿತ ಕನ್ನಡ ಇದು. ನಡುನಡುವೆ ವಿಚಿತ್ರ ಶಬ್ದಗಳು ನುಸುಳಿದರೆ ಕ್ಷಮಿಸು. ತಂಗಿ ಎಂದದ್ದಕ್ಕೂ ಕ್ಷಮಿಸು. ವರ್ಷ ಎಣಿಸಿದರೆ ನೀನು ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳು. ಆದರೆ ನಮ್ಮೂರಲ್ಲಿ ಉಳಿದಿರುವ ನಿನ್ನ ಹಳೆಯ ಚಿತ್ರದಲ್ಲಿ ನಿನಗೆ ಇಪ್ಪತ್ತೈದು ದಾಟಿಲ್ಲ, ನನಗೆ ಐವತ್ತೆರಡು. ಈ ವಯಸ್ಸಿನಲ್ಲಿ ಒಂದು ಹುಡುಗಿಯನ್ನು ಅಜ್ಜಿ ಎಂದು ಕರೆಯುವುದು ನನ್ನಿಂದಾಗದು.

ಇದು ಹಿಂಬರಹ. ಹಿಂದಿನವರನ್ನು ಏನಾದರೂ ಕೇಳಬೇಕೆನಿಸಿದವರು ಕೊಯ್ಲು ತಿಂಗಳಲ್ಲಿ ಕಾಗದ ಬರೆದು ಖಾಲಿ ಹಂಡೆಯಲ್ಲಿ ಹಾಕಿ ಮುಚ್ಚಳ ಬಿಗಿಯುವುದು ನಮ್ಮೂರ ಪದ್ಧತಿ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ಆದರೂ ಬರೆಯುತ್ತಾರೆ. ನಾನು ಈವರೆಗೆ ಬರೆದವಳಲ್ಲ, ಇಂಥದ್ದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ಆಡಿಕೊಂಡವಳು. ಈಗ ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ರೊಟ್ಟಿ ಎರಡು ಸಲ ಸೀದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಫಕೀರವ್ವ. ನಮ್ಮದು ಸಣ್ಣ ಊರು: ಸಾವಿರದ ಮುನ್ನೂರು ಜನ, ಒಂದು ಕೆರೆ, ಇಪ್ಪತ್ತೆರಡು ಹಂಡೆಗಳ ಒಂದು ರಸಮನೆ. ನೀವು ವೈನರಿ ಎನ್ನುತ್ತಿದ್ದದ್ದನ್ನು ನಾವು ರಸಮನೆ ಎನ್ನುತ್ತೇವೆ. ಬಿಸಿಲು ನಿಮ್ಮ ಕಾಲದಲ್ಲೇ ಕೆಟ್ಟದಾಗಿತ್ತಂತೆ. ಈಗ ಬೆಳಗಿನ ಹತ್ತರ ಮೇಲೆ ಬಯಲಲ್ಲಿ ಯಾರೂ ಇರುವುದಿಲ್ಲ. ಬೀದಿಗಳ ಮೇಲೆಲ್ಲ ಬಳ್ಳಿ ಹಬ್ಬಿಸಿದ್ದೇವೆ, ಅದನ್ನು ಸೂರುಬಳ್ಳಿ ಎನ್ನುತ್ತೇವೆ. ಶಾಲೆ, ಸಂತೆ, ಜಗಳ ಎಲ್ಲ ಅದರ ನೆರಳಲ್ಲೇ. ಜೋಳದ ರೊಟ್ಟಿ, ಪುಂಡಿಪಲ್ಯ ಇನ್ನೂ ಇವೆ. ಮಂಗ್ಯಾಗಳೂ ಇವೆ. ನಿನ್ನ ಚಿತ್ರದಲ್ಲಿ ನಿನ್ನ ಚೀಲಕ್ಕೆ ಕೈ ಹಾಕಿರುವ ಕೋತಿಯ ವಂಶದವರು ಮೊನ್ನೆ ನನ್ನ ಬುತ್ತಿ ಹಾರಿಸಿಕೊಂಡು ಹೋದರು. ಊರಿನ ಬಡಗಣ ದಿಕ್ಕಿಗೆ ಕೆಂಪು ಮರಳುಗಲ್ಲಿನ ಗುಡ್ಡ. ಪದರದ ಮೇಲೆ ಪದರವಿರುವ ಬಂಡೆಗೆ ಹೋಳಿಗಿ ಅಟ್ಟಿ ಎಂದು ಹೆಸರು, ಗೂನು ಬೆನ್ನಿನದಕ್ಕೆ ಕುಂತ ಮುದುಕ. ಅವುಗಳ ನಡುವೆ ಹತ್ತಿ, ಇಳಿದು, ತೆವಳಿ ಒಂದು ಹೊತ್ತು ನಡೆದರೆ ಕಮಾನು. ಯಾರೂ ಕಟ್ಟಿದ್ದಲ್ಲ, ಗಾಳಿ ನೀರು ಕೊರೆದದ್ದು. ಎರಡು ಕಲ್ಲಿನ ಕಾಲು, ಅವುಗಳ ಮೇಲೆ ಹನ್ನೆರಡು ಮಾರು ಉದ್ದದ ಕಲ್ಲಿನ ಬೆನ್ನು. ನೀನು ಅದನ್ನು ಕಂಡಿದ್ದೀ.

ಕೊಯ್ಲು ಮುಗಿದ ಮೇಲೆ ಊರಿಗೆ ಊರೇ ಅಲ್ಲಿಗೆ ನಡೆದು ಹೋಗುತ್ತದೆ. ಬಂಡೆ ಸವೆಯದಿರಲೆಂದು ಎಲ್ಲರ ಪಾದಕ್ಕೂ ಬಟ್ಟೆ ಸುತ್ತಿರುತ್ತದೆ, ಕೈಯಲ್ಲಿ ಅದಕ್ಕೆಂದೇ ಮೊದಲು ತೆಗೆದಿಟ್ಟ ಒಂದೊಂದು ಬಟ್ಟಲು ಎಳೆರಸ. ಎಳೆರಸವೆಂದರೆ ಇನ್ನೂ ಪೂರ್ತಿ ವೈನ್ ಆಗದ, ಬಾಯಿಗೆ ಚುರ್ ಎನ್ನುವ ಹೊಸ ರಸ. ಕಮಾನಿನ ಕೆಳಗೆ ಹಾಯುವಾಗ ಪ್ರತಿಯೊಬ್ಬರೂ ಮೊದಲ ಗುಟುಕನ್ನು ಅದರ ಎಡಗಾಲಿನ ಬುಡಕ್ಕೆ ಸುರಿದು, ಉಳಿದದ್ದನ್ನು ಕುಡಿಯುತ್ತಾರೆ. ಆ ನಡಿಗೆಯಾಗದೆ ಹಂಡೆಯ ಬಾಯಿ ತೆರೆಯುವಂತಿಲ್ಲ. ಯಾಕೆ ಸುರಿಯುತ್ತೇವೆ ಎಂದು ಕೇಳಿದರೆ ರಸಮನೆಯ ಗೋಡೆಯ ಮೇಲಿನ ನಿನ್ನ ಚಿತ್ರ ತೋರಿಸುತ್ತಾರೆ. ಊರಿನ ಮೊದಲ ವರ್ಷದ ವೈನ್ ಬಾಟಲಿ ಹಿಡಿದು ಗುಡ್ಡ ಹತ್ತಿ ಬಂದವರ ಗುಂಪು. ನಡುವೆ ಹಳದಿ ಟೋಪಿಯ ನೀನು, ಬೂಟಿನ ಲೇಸು ಬಿಚ್ಚಿಕೊಂಡಿದೆ, ಎಡಗಾಲಿನ ಬುಡಕ್ಕೆ ಲೋಟ ಬಗ್ಗಿಸಿ ನಗುತ್ತಿದ್ದೀ. ನೀನು ಚೆಲ್ಲಿದ್ದು ತಮಾಷೆಗೋ, ಫೋಟೋಗೋ, ಬಾಯಿಗೆ ರುಚಿಸಲಿಲ್ಲವೋ, ಯಾರಿಗೆ ಗೊತ್ತು. ನಾವು ಅದನ್ನು ಇನ್ನೂರಾರು ವರ್ಷ ಚಾಚೂ ತಪ್ಪದೆ ಮಾಡಿದೆವು.

ನಾನು ಊರಿನ ತಟ್ಟಾಳು. ನಡಿಗೆಗೆ ವಾರವಿರುವಾಗ ಬಳ್ಳಿಯ ಬೊಡ್ಡೆಯ ಕೋಲು ಹಿಡಿದು ದಾರಿಯ ಬಂಡೆಗಳನ್ನೆಲ್ಲ ತಟ್ಟಿ, ಕಿವಿಯಿಟ್ಟು ಕೇಳಿ, ಜನ ಹಾಯಬಹುದೋ ಇಲ್ಲವೋ ಹೇಳುವವಳು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಅಷ್ಟೇ. ಟಣ್ ಎಂದರೆ ಬಂಡೆ ಗಟ್ಟಿ. ಬದ್ ಎಂದರೆ ಒಳಗೆ ಬಿಟ್ಟುಕೊಂಡಿದೆ ಎಂದರ್ಥ, ಅಲ್ಲಿ ಕೆಂಪು ಬಟ್ಟೆ ಕಟ್ಟಬೇಕು. ನನಗಿಂತ ಮುಂಚೆ ನಲವತ್ತು ವರ್ಷ ನನ್ನ ಅವ್ವ ಚೆನ್ನಬಸವ್ವ ತಟ್ಟಿದಳು. ಅವಳ ಕಿವಿಯ ಬಗ್ಗೆ ಊರಿನಲ್ಲಿ ಎಷ್ಟು ಮರ್ಯಾದೆ ಎಂದರೆ, ಮದುವೆಗೆ ಹುಡುಗ ನೋಡುವವರು ಕೂಡ ಒಂದು ಸಲ ಚೆನ್ನಬಸವ್ವನ ಕಡೆ ತಟ್ಟಿಸಿ ಬನ್ನಿ ಎಂದು ನಗೆಯಾಡುತ್ತಾರೆ. ಈ ವರ್ಷ ಮಂಡಿನೋವು ಜಾಸ್ತಿಯಾಗಿ ಕೋಲನ್ನು ನನಗೆ ಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದಳು, ಎಡಗಾಲು ತಟ್ಟಬ್ಯಾಡ, ರಸದ ಜಾಗಾ ಅದು, ಕೋಲು ತಾಗಿಸಬಾರದು ಅಂತ ಹಿರ್ಯಾರು ಹೇಳ್ಯಾರ ಎಂದು. ತಾಗಿಸಬಾರದು ಎಂದದ್ದನ್ನು ತಾಗಿಸಿ ನೋಡುವ ಚಾಳಿ ನನ್ನದು. ತಟ್ಟಿದೆ. ಬದ್ ಎಂದಿತು. ಮೇಲೆ ತಟ್ಟಿದೆ, ಪಕ್ಕಕ್ಕೆ ತಟ್ಟಿದೆ, ನನ್ನ ಎದೆಮಟ್ಟದವರೆಗೂ ಬದ್ ಬದ್. ಉಗುರಿನಲ್ಲಿ ಕೆರೆದರೆ ಮರಳು ಉದುರಿತು.

ಮರಳುಗಲ್ಲು ಎಂದರೆ ಮರಳೇ, ತಂಗಿ. ಕಣಕ್ಕೆ ಕಣ ಅಂಟಿಸಿರುವ ಒಂದು ಅಂಟು ಒಳಗಿದೆ, ಹುಳಿ ತಾಗಿದರೆ ಅದು ಕರಗುತ್ತದೆ. ಎಳೆರಸಕ್ಕಿಂತ ಹುಳಿ ಇನ್ನೇನಿದೆ? ಬಟ್ಟೆ ಸುತ್ತಿದ ಪಾದದಲ್ಲಿ ಬೆಕ್ಕಿನ ಹಾಗೆ ನಡೆದು ಬಂಡೆ ಉಳಿಸಿದ ನಾವು, ವರ್ಷಕ್ಕೆ ಸಾವಿರ ಗುಟುಕು ಹುಳಿ ಕುಡಿಸಿ ಅದರ ಕಾಲು ಕೊಳೆಸಿದ್ದೇವೆ. ಅಥವಾ ಹಾಗೆಂದು ನನಗೆ ಅನುಮಾನ. ಅದು ಮೊದಲಿನಿಂದಲೂ ಪೊಳ್ಳಾಗಿಯೇ ಇದ್ದಿರಬಹುದು, ಇನ್ನೂ ಸಾವಿರ ವರ್ಷ ಹಾಗೇ ನಿಲ್ಲಬಹುದು. ಅದನ್ನು ತಿಳಿಯಲು ರಸ ಬೀಳುವ ಮುಂಚಿನ ಸದ್ದು ಗೊತ್ತಿರಬೇಕು. ನಿಮ್ಮ ಕಾಲದ ಚಿತ್ರಗಳು ನಮ್ಮಲ್ಲಿ ರಾಶಿ ರಾಶಿ ಇವೆ: ಕಮಾನಿನ ಮುಂದೆ ಕೈ ಚಾಚಿದವರು, ಹಾರಿದವರು, ಬಾಯಿ ಸೊಟ್ಟ ಮಾಡಿದವರು. ಅಷ್ಟು ಜನರಲ್ಲಿ ಒಬ್ಬರಾದರೂ ಒಂದು ಸಲ ತಟ್ಟಿ, ಹೀಗೆ ಕೇಳಿತು ಎಂದು ಬರೆದಿಡಲಿಲ್ಲವಲ್ಲ. ಇದೇ ನನ್ನ ಕೇಳಿಕೆ. ಲೋಟ ಬಗ್ಗಿಸುವ ಮೊದಲು ಬೆರಳು ಮಡಚಿ ಎಡಗಾಲನ್ನು ತಟ್ಟು, ಕೇಳಿದ್ದನ್ನು ಚಿತ್ರದ ಹಿಂದೆ ಬರೆ. ಆಮೇಲೆ ವೈನು ಎಷ್ಟೇ ಕೆಟ್ಟದಾಗಿರಲಿ, ಕುಡಿದುಬಿಡು.

ನಾಡಿದ್ದು ನಡಿಗೆ. ಕೆಂಪು ಬಟ್ಟೆ ಇನ್ನೂ ನನ್ನ ಸೊಂಟದಲ್ಲೇ ಇದೆ. ಕಟ್ಟಿದರೆ ನಡಿಗೆ ನಿಲ್ಲುತ್ತದೆ, ಹಂಡೆ ತೆರೆಯುವುದಿಲ್ಲ, ಅವ್ವ ಇಷ್ಟು ವರ್ಷ ಎಡಗಾಲು ತಟ್ಟಲೇ ಇಲ್ಲ ಎಂಬುದು ಬಯಲಾಗುತ್ತದೆ. ಕಟ್ಟದಿದ್ದರೆ ಸಾವಿರದ ಮುನ್ನೂರು ಜನ ಅದರ ಕೆಳಗೆ ಹಾಯುತ್ತಾರೆ. ಈಗ ಎದ್ದು ಹೋಗಿ ಅವ್ವನಿಗೆ ಹೇಳುತ್ತೇನೆ.

ನಲವತ್ತಾರನೆಯ ದಿನ

ತಂಗಿ, ಐದು ದಿನ ಕಾಗದ ಮುಟ್ಟಲಾಗಲಿಲ್ಲ. ಅವತ್ತು ಅವ್ವ ಒಣದ್ರಾಕ್ಷಿ ಹಸನು ಮಾಡುತ್ತ ಕೂತಿದ್ದಳು. ನಾನು ಹೇಳಿದ್ದನ್ನು ಕೇಳಿ ತಲೆ ಎತ್ತಲೇ ಇಲ್ಲ. ಒಂಬತ್ ವರ್ಷ ಆತವ್ವ ಅದು ಬದ್ ಅನ್ಲಿಕ್ಕತ್ತಿ ಎಂದಳು. ಕೋಲು ಜಾರಿ ತಾಗಿದಾಗ ಕೇಳಿದ್ದಳಂತೆ. ಹೇಳಿದರೆ ನಡಿಗೆ ನಿಲ್ಲುತ್ತದೆ, ಊರಿನ ಮನಸ್ಸು ಮುರಿಯುತ್ತದೆ ಎಂದು ನುಂಗಿಕೊಂಡಳಂತೆ. ಆಮೇಲಿನ ಒಂಬತ್ತು ನಡಿಗೆಯಲ್ಲೂ ಮೊದಲಿನವರು ಬಂದು ಕೊನೆಯವರು ದಾಟುವವರೆಗೆ ಎಡಗಾಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಭಕ್ತಿ ಎಂದು ಊರೆಲ್ಲ ಕೈ ಮುಗಿದಿತ್ತು. ಬಿದ್ರ ಮೊದ್ಲ ನನ್ನ ಮ್ಯಾಲ ಬೀಳ್ಲಿ ಅಂತ ನಿಂತೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನೀ ಒಬ್ಬಾಕಿ ನಿಂತ್ರ ಅದು ಉಳಿದವರನ್ನ ಬಿಟ್ಟು ಬೀಳ್ತಿತ್ತೇನು ಎಂದು ಕೂಗಾಡಿದೆ. ಅಳುವೂ ಬಂತು. ಅವ್ವ ದ್ರಾಕ್ಷಿಯ ತೊಟ್ಟು ಕೀಳುತ್ತಲೇ ಇದ್ದಳು.

ಮರುದಿನ ಬೆಳಗ್ಗೆ ಬಟ್ಟೆ ಕಟ್ಟಿದೆ. ಹೊತ್ತೇರುವ ಮೊದಲೇ ಅರ್ಧ ಊರು ಗುಡ್ಡದ ಮೇಲಿತ್ತು. ರಸಮನೆಯ ಹಿರಿಯ ರಾಚಪ್ಪಣ್ಣ ಮುಂದೆ ಬಂದು ಯಾವಾಗಿಂದ ಎಂದು ಕೇಳಿದ. ಈ ವರ್ಷದಿಂದ ಎಂದು ಸುಳ್ಳು ಹೇಳಲು ನಾನು ಸಿದ್ಧಳಾಗಿಯೇ ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ, ಇಬ್ಬರು ಹೆಂಗಸರ ಹೆಗಲು ಹಿಡಿದು ಹತ್ತಿ ಬಂದಿದ್ದ ಅವ್ವ ಹಿಂದಿನಿಂದ ಅಂದಳು, ಒಂಬತ್ತು ವರ್ಷ ಆತು ರಾಚಪ್ಪ, ನಾನು ಮುಚ್ಚಿಟ್ಟೆ, ತಪ್ಪು ನಂದು. ಆ ಇಬ್ಬರು ಹೆಂಗಸರು ಹೆಗಲು ಬಿಡಿಸಿಕೊಂಡು ಪಕ್ಕಕ್ಕೆ ಸರಿದರು. ಅವಳನ್ನು ನಾನೇ ಇಳಿಸಿಕೊಂಡು ಬಂದೆ.

ಊರು ಬೈದೀತು, ಬಹಿಷ್ಕಾರ ಹಾಕೀತು ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆದದ್ದೇ ಬೇರೆ. ಸೂರುಬಳ್ಳಿಯ ಕೆಳಗೆ ಮೂರು ದಿನ ಸಭೆ ಕೂತರು. ನಾನು ಹುಳಿ, ಅಂಟು, ಮರಳು ಎಂದು ಗಂಟಲು ಹರಿದುಕೊಂಡೆ. ರಾಚಪ್ಪಣ್ಣ ಕೆಟ್ಟವನಲ್ಲ, ತನ್ನ ಮೊಮ್ಮಗಳನ್ನು ಈ ಸಲ ಮೊದಲ ಬಾರಿಗೆ ನಡಿಗೆಗೆ ಕರೆದೊಯ್ಯಬೇಕೆಂದು ಬಟ್ಟಲು ಕೆತ್ತಿಸಿಟ್ಟಿದ್ದಾನೆ. ಅವನು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ: ಒಂಬತ್ ವರ್ಷ ಬೀಳ್ಲಾರದ್ದು ಈ ವರ್ಷ ಬೀಳ್ತದೇನು, ಫಕೀರಿ? ಎಲ್ಲರೂ ತಲೆಯಾಡಿಸಿದರು. ಅವ್ವ ಮುಚ್ಚಿಟ್ಟದ್ದೇ ಅವರಿಗೆ ಧೈರ್ಯವಾಯಿತು. ಅವಳು ಇಷ್ಟು ವರ್ಷ ಬೆನ್ನು ಕೊಟ್ಟು ನಿಂತರೂ ಒಂದು ಹರಳು ಉದುರಲಿಲ್ಲವಲ್ಲ ಎಂದರು. ನಡಿಗೆ ನಾಳೆ ಬೆಳಗ್ಗೆ ಎಂದು ಗೊತ್ತುಮಾಡಿದರು. ನಾನು ಕಟ್ಟಿದ್ದ ಬಟ್ಟೆ ಬಿಚ್ಚಿ, ಮಡಚಿ, ಮರ್ಯಾದೆಯಿಂದಲೇ ಮನೆಗೆ ತಂದುಕೊಟ್ಟರು.

ಈ ಮಧ್ಯಾಹ್ನದಿಂದ ಅವ್ವ ಬಾಗಿಲಲ್ಲಿ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಾಳೆ. ಗಾಳಿ ಬೀಸಿದಾಗಲೆಲ್ಲ ಬಿತ್ತೇನವ್ವ ಎಂದು ಕೇಳುತ್ತಾಳೆ. ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ನಾನೂ ಬಾಗಿಲಿಗೂ ಒಲೆಗೂ ಅಲೆದಾಡುತ್ತಿದ್ದೇನೆ. ಅಲ್ಲಿ ಯಾರೂ ಇಲ್ಲದ ಈ ಹೊತ್ತಿನಲ್ಲೇ ಬೀಳಲಿ ಎಂದು ಹರಕೆ ಹೊತ್ತಿದ್ದೇನೆ. ಬಂಡೆ ಕಾಯಬೇಕಾದ ತಟ್ಟಾಳು ಬಂಡೆ ಬೀಳಲಿ ಎಂದು ಬೇಡಿಕೊಂಡದ್ದು ಇದೇ ಮೊದಲಿರಬೇಕು. ಬಿದ್ದಿಲ್ಲ. ಬಿಸಿಲಿಗೆ ಕೆಂಪಗೆ ನಿಂತಿದೆ, ನೋಡಲು ಈಗಲೂ ಚೆಂದ.

ಕಮಾನಿಗೆ ಇನ್ನೂರು ಹೆಜ್ಜೆ ಮುಂಚೆ ಎರಡು ಬಂಡೆಗಳ ನಡುವೆ ಒಂದು ಸಂದು ಇದೆ, ಬೇರೆ ದಾರಿಯಿಲ್ಲ. ನೀನೂ ಅದರಲ್ಲೇ ಚೀಲ ತಲೆಯ ಮೇಲಿಟ್ಟುಕೊಂಡು ಅಡ್ಡಡ್ಡ ತೂರಿ ಹೋಗಿರುತ್ತೀ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ನಾನೂ ಅವ್ವನೂ ಅಲ್ಲಿಗೆ ಹೋಗಿ ದಾರಿಗಡ್ಡ ಕೂರುತ್ತೇವೆ. ಬುತ್ತಿ ಕಟ್ಟಿದ್ದೇನೆ, ಒಂದು ಕೊಡ ನೀರು ಇಟ್ಟುಕೊಂಡಿದ್ದೇನೆ. ರಾಚಪ್ಪಣ್ಣ ಮೊಮ್ಮಗಳ ಕೈ ಹಿಡಿದು ಬಂದು ಏಳು ಅಂದರೆ ಏಳುವುದಿಲ್ಲ. ಅವ್ವನನ್ನು ಎತ್ತಿ ಸರಿಸುತ್ತಾರೋ, ತುಳಿದು ಹೋಗುತ್ತಾರೋ, ನನಗೆ ಗೊತ್ತಿಲ್ಲ. ಈ ಕಾಗದವನ್ನು ಈಗಲೇ ಹಂಡೆಗೆ ಹಾಕಿ ಬರಬೇಕು, ನಾಳೆ ಆದದ್ದನ್ನು ಬರೆಯಲು ನಾನು ಇರುತ್ತೇನೋ ಇಲ್ಲವೋ. ನೀನು ಚೆನ್ನಾಗಿರು, ತಂಗಿ. ಆ ಸಂದಿನಲ್ಲಿ ಒಂದು ಸಲಕ್ಕೆ ಒಬ್ಬರೇ ಹಾಯಬಹುದು, ನಾವು ಇಬ್ಬರಿದ್ದೇವೆ.